ಅಜ್ಜನ ಕಾಲದ ಕಾಡು, ಸರ್ಕಾರದ ಕಾಗದ: ಊರಿನ ಕಾಡಿಗೆ ಸಮುದಾಯ ಹಕ್ಕು ಕೇಳುವುದು ಹೇಗೆ?

"ತಲೆತಲಾಂತರದಿಂದ ಈ ಗುಡ್ಡದಿಂದಲೇ ಸೊಪ್ಪು, ದರಕು (ಉದುರಿದ ಒಣ ಎಲೆ) ತರ್ತಾ ಇದ್ದೇವೆ. ಮೊನ್ನೆ ಗಾರ್ಡ್ ಬಂದು ಕತ್ತಿ ಕಿತ್ತುಕೊಂಡು ಹೋದ. ಕಾಡು ನಮ್ಮದಾ, ಸರ್ಕಾರದ್ದಾ?" ಊರು ಬೇರೆ, ಹೆಸರು ಬೇರೆ, ಆದರೆ ಓದುಗರಿಂದ ಬರುವ ಪ್ರಶ್ನೆ ಇದೇ. ಶಿರಸಿ ಕಡೆಯವರು ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಬಗ್ಗೆ ಕೇಳುತ್ತಾರೆ, ಕೊಡಗಿನವರು ಬಾಣೆ (ಗದ್ದೆಯ ಜೊತೆ ಬಳಸಲು ಬಿಟ್ಟ ಕಾಡು) ಮತ್ತು ದೇವರಕಾಡಿನ ಬಗ್ಗೆ, ಚಾಮರಾಜನಗರದವರು ಜೇನು, ನೆಲ್ಲಿಕಾಯಿ ಬಗ್ಗೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯಿತು. ಎಲ್ಲವನ್ನೂ ಒಂದೇ ಕಡೆ ಹೇಳಿಬಿಡುತ್ತೇನೆ.

ಊರಿನ ರೂಢಿ ಪ್ರಕಾರ ಆ ಕಾಡು ನಿಮ್ಮದು. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಸರ್ಕಾರದ್ದು. ಇವೆರಡರ ನಡುವೆ 2006ರಲ್ಲಿ ಮೂರನೆಯದೊಂದು ಬಂತು. ಜನ ಅದನ್ನು ಅರಣ್ಯ ಹಕ್ಕು ಕಾಯ್ದೆ ಅಂತ ಕರೆಯುತ್ತಾರೆ. ಪೂರ್ತಿ ಹೆಸರು ಉದ್ದ: ಪರಿಶಿಷ್ಟ ಬುಡಕಟ್ಟುಗಳು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ (ಅರಣ್ಯ ಹಕ್ಕುಗಳ ಮಾನ್ಯತೆ) ಕಾಯ್ದೆ. ಅದರಲ್ಲಿ "ಮಾನ್ಯತೆ" ಅನ್ನೋ ಪದ ನೋಡಿ. ಹಕ್ಕು ಮೊದಲೇ ಇತ್ತು, ಸರ್ಕಾರ ಅದನ್ನು ಈಗ ಒಪ್ಪಿಕೊಳ್ಳುತ್ತಿದೆ ಅಂತ ಅರ್ಥ. ಆದರೆ ಒಪ್ಪಬೇಕು ಅಂದರೆ ಅದು ಎಲ್ಲಾದರೂ ಬರೆದಿರಬೇಕು. ಬಾಯಲ್ಲೇ ಇದ್ದರೆ ಯಾವ ಕಚೇರಿಯೂ ಒಪ್ಪಲ್ಲ. ಹಾಗಾಗಿ ನಿಮ್ಮ ಮುಖ್ಯ ಕೆಲಸ ರೂಢಿಯನ್ನು ಕಾಗದಕ್ಕೆ ಇಳಿಸುವುದು. ಅರ್ಜಿ ತುಂಬುವುದು ಆಮೇಲಿನ ಮಾತು.

ಶುರು ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಜಾಗದ ಪಹಣಿ ಇದ್ದರೆ ಅದು, ಗ್ರಾಮನಕ್ಷೆ, ಮತದಾರರ ಪಟ್ಟಿ, ಗಟ್ಟಿ ರಟ್ಟಿನ ಒಂದು ನಡಾವಳಿ ಪುಸ್ತಕ, ಜಿಪಿಎಸ್ ಇರುವ ಒಂದು ಮೊಬೈಲ್, ಮತ್ತು ಊರಿನ ಹಿರಿಯರು ನಾಲ್ಕೈದು ಜನ. ಅರ್ಜಿ ನಮೂನೆಗೆ ದುಡ್ಡಿಲ್ಲ. ಯಾರಾದರೂ "ಫೈಲ್ ಖರ್ಚು" ಕೇಳಿದರೆ ಕೊಡಬೇಡಿ.

1. ನಿಮ್ಮ ಜಾಗ ಯಾವ ಕಾನೂನಿನ ಕೆಳಗೆ ಬರುತ್ತದೆ ನೋಡಿ

ಇಲ್ಲೇ ಅರ್ಧ ಜನ ದಾರಿ ತಪ್ಪುತ್ತಾರೆ. ಪಹಣಿಯಲ್ಲಿ ಕುಮ್ಕಿ, ಬಾಣೆ, ಕಾನು (ಮಲೆನಾಡಿನ ದಟ್ಟ ಕಾಡು), ಬೆಟ್ಟ ಅಂತೆಲ್ಲ ಇದ್ದರೆ ಅದು ಕರ್ನಾಟಕ ಭೂಕಂದಾಯ ಕಾಯ್ದೆ 1964ರ 79ನೇ ಕಲಮಿನ ವಿಷಯ. ಅಲ್ಲಿ ನಿಮಗಿರುವುದು ಸವಲತ್ತು. ಸವಲತ್ತು ಅಂದರೆ ಬಳಸುವ ಅವಕಾಶ ಅಷ್ಟೇ, ನೆಲ ಸರ್ಕಾರದ್ದೇ. ದಕ್ಷಿಣ ಕನ್ನಡದ ಕುಮ್ಕಿ ಅಂದರೆ ಹಳೇ ವರ್ಗ (ಪಟ್ಟಾ) ಜಮೀನಿನಿಂದ 100 ಗಜದೊಳಗಿನ ಸರ್ಕಾರಿ ಜಾಗ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟ ರೂಢಿ ಇದೆ. ಇವೆಲ್ಲ ತೋಟದ ಜೊತೆ, ಅಂದರೆ ಒಂದೊಂದು ಮನೆಯ ಜೊತೆ ಅಂಟಿಕೊಂಡ ಸವಲತ್ತು. ಊರಿನ ಹಕ್ಕು ಅಲ್ಲ.

ಇಡೀ ಊರು ಒಟ್ಟಾಗಿ ಬಳಸುವ ಕಾಡು ಇದ್ದರೆ, ಅದು ಮೀಸಲು ಅರಣ್ಯವೇ ಆಗಿರಲಿ, ಅಭಯಾರಣ್ಯವೇ ಆಗಿರಲಿ, ಅದು 2006ರ ಕಾಯ್ದೆಯ ವಿಷಯ. ಕಾಯ್ದೆ ಇದಕ್ಕೆ "ಸಮುದಾಯ ಅರಣ್ಯ ಸಂಪನ್ಮೂಲ" ಅನ್ನುತ್ತದೆ. ಊರಿನ ರೂಢಿಯ ಎಲ್ಲೆಯೊಳಗಿರುವ, ಊರೆಲ್ಲ ಬಳಸುವ ಕಾಡು ಅಂತ ತಿಳಿದುಕೊಳ್ಳಿ.

"ಅಭಯಾರಣ್ಯದಲ್ಲಿ ಈ ಕಾಯ್ದೆ ನಡೆಯಲ್ಲ" ಅಂತ ಹೇಳುವವರು ಈಗಲೂ ಸಿಗುತ್ತಾರೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಮೀಸಲು ಪ್ರದೇಶ ಆಯಿತು. ಅದೇ ವರ್ಷ ಅಲ್ಲಿನ ಸೋಲಿಗ ಬುಡಕಟ್ಟಿನವರ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶದೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಇನ್ನು ಮುಂದೆ ಯಾರಾದರೂ ಆಗಲ್ಲ ಅಂದರೆ ಇದನ್ನು ಹೇಳಿ.

ಇನ್ನೊಂದು ಗೊಂದಲ ಗ್ರಾಮ ಅರಣ್ಯ ಸಮಿತಿಯದು. ನಿಮ್ಮೂರಲ್ಲಿ ಅದು ಇರಬಹುದು. ಅದು ಅರಣ್ಯ ಇಲಾಖೆ ಜೊತೆ ಮಾಡಿಕೊಂಡ ಜಂಟಿ ವ್ಯವಸ್ಥೆ, ನೆಟ್ಟ ಗಿಡದಲ್ಲಿ ಪಾಲು ಕೊಡುತ್ತದೆ. ಅದರ ಸದಸ್ಯರಾದ ಮಾತ್ರಕ್ಕೆ ಕಾಡಿನ ಮೇಲೆ ಹಕ್ಕು ಬರಲ್ಲ.

2. ಯಾರು ಕೇಳಬಹುದು

ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನಿಂದ ಅಲ್ಲಿ ನೆಲೆಸಿ, ಜೀವನಕ್ಕೆ ಕಾಡನ್ನು ನಂಬಿಕೊಂಡಿರಬೇಕು. ಬೇರೆಯವರಾದರೆ ಆ ದಿನಕ್ಕೆ ಮೂರು ತಲೆಮಾರು ಆಗಿರಬೇಕು. ಒಂದು ತಲೆಮಾರಿಗೆ 25 ವರ್ಷದ ಲೆಕ್ಕ, ಒಟ್ಟು 75. ಅಂದರೆ 1930ರ ಕಾಲಕ್ಕೆ ಹೋಗಬೇಕು.

ಮಲೆನಾಡಿನಲ್ಲಿ ಬಹಳ ಅರ್ಜಿಗಳು ಈ 75 ವರ್ಷದ ಹತ್ತಿರವೇ ಮುಗ್ಗರಿಸಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಬ್ಬೊಬ್ಬರೇ ಸಾಗುವಳಿ ಜಮೀನಿಗೆ ಹಾಕಿದ ಅರ್ಜಿ. ಊರು ಒಟ್ಟಾಗಿ ಕೇಳುವಾಗ ಮನೆಮನೆಗೆ ಹಳೇ ಕಾಗದ ಹುಡುಕಬೇಕಾಗಿಲ್ಲ, ಊರಿನ ಹಳಮೆಗೆ ಸಾಕ್ಷಿ ಕೊಟ್ಟರೆ ದಾರಿ ಸುಲಭ. ಜೊತೆಗೆ, ಊರಲ್ಲಿ ಅರ್ಹರಾದ ಕೆಲವೇ ಜನ ಇದ್ದರೂ ಸಾಕು ಅಂತ ಅರ್ಜಿ ನಮೂನೆಯಲ್ಲೇ ಬರೆದಿದೆ. ಇದನ್ನು ಎಷ್ಟೋ ಜನ ಓದೇ ಇಲ್ಲ.

3. ಸರಿಯಾದ ಗ್ರಾಮಸಭೆ ಕರೆಯಿರಿ

ಪಂಚಾಯಿತಿ ಕಟ್ಟೆಯಲ್ಲಿ ವರ್ಷಕ್ಕೆ ಎರಡು ಸಲ ನಡೆಯುವ ಗ್ರಾಮಸಭೆ ಇದಕ್ಕೆ ಸರಿಹೋಗಲ್ಲ. ಅಲ್ಲಿ ಹತ್ತು ಊರಿನವರು ಸೇರಿರುತ್ತಾರೆ, ನಿಮ್ಮ ಸಣ್ಣ ಊರಿನ ಮಾತು ಯಾರಿಗೂ ಕೇಳಿಸಲ್ಲ. ಸಭೆ ಊರಿನ ಮಟ್ಟದಲ್ಲಿ ಆಗಬೇಕು: ಬುಡಕಟ್ಟಿನವರ ಹಾಡಿ, ಪೋಡು, ದೊಡ್ಡ ಊರಿಗೆ ಸೇರಿದ ಮಜರೆ, ಹೀಗೆ. ಕೇಂದ್ರದ ಬುಡಕಟ್ಟು ಮಂತ್ರಾಲಯ 2012ರಲ್ಲಿ ಇದನ್ನೇ ಹೇಳಿ ಸೂಚನೆ ಹೊರಡಿಸಿದೆ. ಸಭೆ ಕರೆಯುವುದು ಮಾತ್ರ ಗ್ರಾಮ ಪಂಚಾಯಿತಿ, ಹಾಗಾಗಿ ಪಿಡಿಒಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ) ಬರಹದಲ್ಲಿ ಕೇಳಿ, ಸ್ವೀಕೃತಿ ತಗೊಳ್ಳಿ.

ಕೋರಂ ಎಷ್ಟು? ಊರಿನ ವಯಸ್ಕರಲ್ಲಿ ಅರ್ಧ ಜನ ಹಾಜರಿರಬೇಕು. ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಊರಿನ ಪರವಾಗಿ ಅರ್ಜಿಯ ಕೆಲಸ ನೋಡಿಕೊಳ್ಳುವ ಅರಣ್ಯ ಹಕ್ಕು ಸಮಿತಿಯನ್ನು ಈ ಸಭೆಯಲ್ಲಿ ಆರಿಸಬೇಕು. 10ರಿಂದ 15 ಜನ, ಮೂರನೇ ಒಂದು ಭಾಗ ಹೆಂಗಸರು. ಪರಿಶಿಷ್ಟ ಪಂಗಡದವರು ಇರುವ ಊರಾದರೆ ಮೂರನೇ ಎರಡು ಭಾಗ ಅವರೇ ಇರಬೇಕು. ಹಿಂದೆ ಯಾವಾಗಲೋ ಕಾಗದದ ಮೇಲೆ ಸಮಿತಿ ಮಾಡಿಟ್ಟಿರುವುದು ಉಂಟು, ಅದರಲ್ಲಿ ಹೆಸರಿದ್ದವರಿಗೇ ವಿಷಯ ಗೊತ್ತಿರಲ್ಲ. ಅಂಥದ್ದಾದರೆ ಹೊಸದಾಗಿ ಆರಿಸಿಬಿಡಿ.

ಹೆಂಗಸರ ಸಹಿ ಮನೆಗೆ ಹೋಗಿ ಹಾಕಿಸಿಕೊಂಡು ಬರುವ ಚಾಳಿ ಬಿಡಿ. ಕಾನೂನಿನ ಭಯಕ್ಕೆ ಹೇಳ್ತಾ ಇಲ್ಲ. ಕಾಡಿಗೆ ಹೆಚ್ಚು ಹೋಗುವವರು ಅವರು. ಸೌದೆ ಎಲ್ಲಿ, ಅಣಬೆ ಎಲ್ಲಿ, ಯಾವ ಹಳ್ಳ ಯಾವ ತಿಂಗಳು ಬತ್ತುತ್ತದೆ ಅನ್ನುವುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಹಳೇ ರೂಢಿಯ ಪಂಚಾಯಿತಿಗಳಲ್ಲಿ ಅವರಿಗೆ ಕೂರಲು ಜಾಗ ಇರಲಿಲ್ಲ ಅನ್ನುವುದು ನಿಜ. ರೂಢಿ ಅಂದ ಮಾತ್ರಕ್ಕೆ ಎಲ್ಲಾ ಒಳ್ಳೇದೇ ಆಗಿರಲ್ಲ ಅಲ್ವಾ? ಈ ವಿಷಯದಲ್ಲಿ ಸರ್ಕಾರದ ಕಾನೂನೇ ಮೇಲು.

4. ಎಲ್ಲೆ ನಡೆದು ನೋಡಿ

ಒಂದು ದಿನ ಪೂರ್ತಿ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಹೊರಡಿ. ಹಿರಿಯರು ಮುಂದೆ, ಮೊಬೈಲ್ ಹಿಡಿದ ಹುಡುಗ ಹಿಂದೆ. ಹಿರಿಯರು "ಇಲ್ಲಿಂದ ಆಚೆ ಅವರದ್ದು" ಅಂದ ಕಡೆಯಲ್ಲೆಲ್ಲ ನಿಂತು ಜಿಪಿಎಸ್ ಗುರುತು ಹಾಕಿ, ಫೋಟೋ ತೆಗೆಯಿರಿ, ಆ ಜಾಗದ ಹೆಸರನ್ನು ಅವರು ಹೇಳಿದ ಹಾಗೇ ಬರೆಯಿರಿ. ಚೌಡಿಕಟ್ಟೆ, ಹುಲಿದೇವರ ಬನ, ಜೋಡಿ ಮತ್ತಿಮರ, ಎಮ್ಮೆ ಮುಳುಗುವ ಗುಂಡಿ. ಈ ಹೆಸರುಗಳೇ ಆಮೇಲೆ ನಿಮಗೆ ಸಾಕ್ಷಿ. ಸೋಲಿಗರು ತಮ್ಮ ಕುಲದ ಜಾಗಗಳನ್ನು "ಎಲ್ಲೆ" ಅಂತಲೇ ಕರೆಯುತ್ತಾರೆ. ಒಂದೊಂದು ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಗುರುತುಗಳಿವೆ. ಅವರು ಇಂಥ ನೂರಾರು ಜಾಗಗಳನ್ನು ಜಿಪಿಎಸ್ ಇಟ್ಟುಕೊಂಡು ನಕ್ಷೆ ಮಾಡಿಸಿದ್ದಾರೆ.

ಸರ್ವೆ ನಂಬರು ಗೊತ್ತಿಲ್ಲ ಅಂತ ನಿಲ್ಲಿಸಬೇಡಿ. ನಮೂನೆಯಲ್ಲಿ ಸರ್ವೆ ನಂಬರು ಅಥವಾ ಕಂಪಾರ್ಟ್‌ಮೆಂಟ್ ನಂಬರು ಕೇಳುವ ಜಾಗದಲ್ಲಿ "ಇದ್ದರೆ, ಗೊತ್ತಿದ್ದರೆ" ಅಂತಲೇ ಇದೆ. ಕಂಪಾರ್ಟ್‌ಮೆಂಟ್ ಅಂದರೆ ಅರಣ್ಯ ಇಲಾಖೆ ತನ್ನ ಲೆಕ್ಕಕ್ಕೆ ಕಾಡನ್ನು ತುಂಡು ಮಾಡಿ ಕೊಟ್ಟ ನಂಬರು. ನಕ್ಷೆ ಮತ್ತು ಮತದಾರರ ಪಟ್ಟಿ ಒದಗಿಸುವುದು ಉಪವಿಭಾಗ ಸಮಿತಿಯ (ಅರ್ಜಿಗಳನ್ನು ನೋಡುವ ಸರ್ಕಾರಿ ಸಮಿತಿ) ಕೆಲಸ. ಬರೆದು ಕೇಳಿ.

ಪಕ್ಕದ ಊರಿನವರನ್ನು ಅದೇ ದಿನ ಜೊತೆಗೆ ಕರೆದುಕೊಂಡು ಹೋಗಿ. ಇದೊಂದು ಮಾಡಿದರೆ ಮುಂದಿನ ಜಗಳ ಅರ್ಧ ಕಡಿಮೆ. ಒಂದೇ ಗುಡ್ಡವನ್ನು ಎರಡು ಊರು ಬಳಸುತ್ತಿದ್ದರೆ ಗೆರೆ ಎಳೆದು ಹಂಚಿಕೊಳ್ಳಲೇಬೇಕು ಅಂತ ಏನಿಲ್ಲ. ಎರಡೂ ಊರಿನ ಸಮಿತಿ ಕೂತು, ಯಾರು ಏನು ಬಳಸುತ್ತಾರೆ ಅಂತ ಬರೆದು ಸಹಿ ಹಾಕಿದರೆ ಆಯಿತು. ಕಾಯ್ದೆಯ ನಿಯಮದಲ್ಲೇ ಇದಕ್ಕೆ ದಾರಿ ಇದೆ. ಹಾಗೂ ಬಗೆಹರಿಯದಿದ್ದರೆ ಮಾತ್ರ ಉಪವಿಭಾಗ ಸಮಿತಿಗೆ ಹೋಗುತ್ತದೆ.

5. ರೂಢಿಯನ್ನು ಬರೆಯಿರಿ

ಇದಕ್ಕೇ ಜಾಸ್ತಿ ಸಮಯ ಕೊಡಿ. ನಾನು ನೋಡಿದ ಅರ್ಜಿಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: "ನಾವು ಅನಾದಿಕಾಲದಿಂದಲೂ ಸದರಿ ಅರಣ್ಯವನ್ನು ಅನುಭವಿಸಿಕೊಂಡು ಬಂದಿರುತ್ತೇವೆ." ಇದರಿಂದ ಓದಿದವನಿಗೆ ಏನೂ ತಿಳಿಯಲ್ಲ. ಇದರ ಬದಲು ಹೀಗೆ ಬರೆದು ನೋಡಿ:

"ಮೂಡಣ ಹಳ್ಳದಿಂದ ಚೌಡಿಕಟ್ಟೆವರೆಗಿನ ಗುಡ್ಡದಲ್ಲಿ ಊರಿನ ಎಲ್ಲಾ ಮನೆಯವರು ಮಳೆಗಾಲಕ್ಕೆ ಮುಂಚೆ ದರಕು ಗುಡಿಸುತ್ತೇವೆ, ಮಳೆ ಹಿಡಿದ ಮೇಲೆ ಹಸಿ ಸೊಪ್ಪು ಕೊಯ್ಯುತ್ತೇವೆ. ಮರದ ತುದಿ ಬಿಡಬೇಕು. ಹಲಸು, ಮಾವು, ನೇರಳೆ ಕಡಿಯುವಂತಿಲ್ಲ. ಉಪ್ಪಾಗೆ, ಮುರುಗಲು ಹಣ್ಣು ಬಲಿಯುವ ಮುಂಚೆ ಕೀಳುವಂತಿಲ್ಲ. ಮೀರಿದವರು ದೇವಸ್ಥಾನಕ್ಕೆ ತಪ್ಪುಕಾಣಿಕೆ ಹಾಕಬೇಕು. ಬನದೊಳಗೆ ಬಿದ್ದ ಕೊಂಬೆಯನ್ನೂ ತರುವುದಿಲ್ಲ."

ವ್ಯತ್ಯಾಸ ಗೊತ್ತಾಯಿತಲ್ಲ? ಎಲ್ಲಿ, ಯಾರು, ಯಾವಾಗ, ಎಷ್ಟು, ಏನು ಮಾಡಬಾರದು, ಮಾಡಿದರೆ ಏನಾಗುತ್ತದೆ, ಎಲ್ಲಾ ಇದೆ. ಇದರಲ್ಲಿ "ಮಾಡಬಾರದು" ಅನ್ನುವ ಸಾಲುಗಳೇ ತೂಕದವು. ಕಾಡು ನೋಡಿಕೊಳ್ಳಲು ಇವರಿಗೆ ಬರುತ್ತದೆ ಅಂತ ಅವೇ ತೋರಿಸುವುದು. ಕಾಯ್ದೆ ಕೊಡುವ ದೊಡ್ಡ ಹಕ್ಕು ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕೇ ಆಗಿರುವಾಗ ಇದನ್ನು ಬಿಟ್ಟರೆ ಹೇಗೆ?

ಇಂಥ ಊರಾಳ್ವಿಕೆ ಹೊಸದೇನಲ್ಲ. ಕುಮಟಾ ಹತ್ತಿರದ ಹಳಕಾರದವರು 1920ರ ದಶಕದಿಂದ ಗ್ರಾಮ ಅರಣ್ಯ ಪಂಚಾಯಿತಿ ಮಾಡಿಕೊಂಡು, ಊರಿನ ದುಡ್ಡಲ್ಲೇ ಕಾವಲುಗಾರನನ್ನು ಇಟ್ಟು ಕಾಡು ನೋಡಿಕೊಂಡವರು. ಕೊಡಗಿನಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಕಾಗದದಲ್ಲಿ ಅವು ಅರಣ್ಯ, ಕಟ್ಟಳೆ ಮಾತ್ರ ಊರಿನದು.

ಒಂದು ಎಚ್ಚರಿಕೆ. ಇಲ್ಲದ ರೂಢಿಯನ್ನು ಸುಮ್ನೆ ಹುಟ್ಟಿಸಬೇಡಿ, ಮತ್ತೊಂದು ಊರಿನ ಅರ್ಜಿಯನ್ನು ನಕಲು ಹೊಡೆಯಬೇಡಿ. ಒಮ್ಮೆ ಒಂದೇ ತಾಲ್ಲೂಕಿನ ಎಂಟು ಅರ್ಜಿಗಳನ್ನು ಒಟ್ಟಿಗೆ ನೋಡಿದೆ. ಎಂಟರಲ್ಲೂ ಅದೇ ಮರ, ಅದೇ ಹಬ್ಬ, ಒಂದು ಕಡೆ ಪಕ್ಕದೂರಿನ ದೇವರ ಹೆಸರು ಕೂಡ ಹಾಗೇ ಉಳಿದಿತ್ತು.

ಇನ್ನೂ ಒಂದು ಮಾತು. ಬೇಟೆಯೂ ನಮ್ಮ ರೂಢಿ ಅಂತ ಬರೆಯಬೇಡಿ. ನಿಜಕ್ಕೂ ಇದ್ದಿರಬಹುದು. ಆದರೆ ಕಾಯ್ದೆ ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ.

6. ಸಾಕ್ಷಿ ಜೋಡಿಸಿ

ಕನಿಷ್ಠ ಎರಡು ಬಗೆಯ ಸಾಕ್ಷಿ ಬೇಕು. ನಾಲ್ಕೈದು ಇದ್ದರೆ ಒಳ್ಳೆಯದು.

ಹಿರಿಯರ ಹೇಳಿಕೆ ನಡೆಯುತ್ತದೆ, ಆದರೆ ಬರಹದಲ್ಲಿರಬೇಕು. ಅರ್ಜಿದಾರರನ್ನು ಬಿಟ್ಟು ಬೇರೆ ಹಿರಿಯರದ್ದು ಬೇಕು. ಪಕ್ಕದೂರಿನ ಅಜ್ಜ ಒಬ್ಬರು ಹೇಳಿದರೆ ತೂಕ ಜಾಸ್ತಿ. ವಂಶವೃಕ್ಷ, ಹಳೇ ಬಾವಿ, ಸ್ಮಶಾನ, ಬನ, ಪಾಳು ಮನೆಯ ಅಡಿಪಾಯ, ನೀರಿನ ಕಾಲುವೆ, ದನ ಮೇಯಿಸುವ ಬೇಣ, ನಾಟಿ ವೈದ್ಯರು ಮದ್ದು ತರುವ ಜಾಗ, ಎಲ್ಲಾ ಲೆಕ್ಕಕ್ಕೆ ಬರುತ್ತದೆ. ಸರ್ಕಾರದ್ದೇ ದಾಖಲೆಗಳಲ್ಲಿ ಜನಗಣತಿ, ಸರ್ವೆ ಸೆಟ್ಲ್‌ಮೆಂಟ್ ವರದಿ, ಇಲಾಖೆಯ ವರ್ಕಿಂಗ್ ಪ್ಲಾನ್ (ಕಾಡಿನ ಕಾರ್ಯಯೋಜನೆ), ಗೆಜೆಟಿಯರ್ ನೋಡಿ. ಉತ್ತರ ಕನ್ನಡದವರಾದರೆ 1883ರ ಬಾಂಬೆ ಗೆಜೆಟಿಯರಿನ ಕೆನರಾ ಸಂಪುಟ ತೆಗೆದು ನಿಮ್ಮೂರಿನ ಹೆಸರಿದೆಯಾ ಹುಡುಕಿ. 75 ವರ್ಷದ ಪ್ರಶ್ನೆಗೆ ಅಂಥದ್ದೊಂದು ಪುಟ ಬಹಳ ಉಪಕಾರಕ್ಕೆ ಬರುತ್ತದೆ.

ಉಪಗ್ರಹ ಚಿತ್ರದಲ್ಲಿ ಕಾಣಲಿಲ್ಲ ಅಂತ ಅರ್ಜಿ ತಳ್ಳಿಹಾಕುವಂತಿಲ್ಲ. ಅದು ಇತರ ಸಾಕ್ಷಿಗಳಿಗೆ ಪೂರಕ ಮಾತ್ರ, ಅವುಗಳ ಬದಲಿಗೆ ಬರಲ್ಲ. ದರಕು ಗುಡಿಸಿದ್ದು, ಜೇನು ಇಳಿಸಿದ್ದು ಆಕಾಶದಿಂದ ಕಾಣುತ್ತದಾ?

7. ನಮೂನೆ ತುಂಬಿ: ಎ ಅಲ್ಲ, ಬಿ ಮತ್ತು ಸಿ

ನಮೂನೆ ಎ ಒಂದು ಕುಟುಂಬದ ಜಮೀನಿಗೆ. ನಮೂನೆ ಬಿ ಊರಿನ ಬಳಕೆ ಹಕ್ಕುಗಳಿಗೆ: ಸೌದೆ, ಮೇವು, ಮೀನು, ಕಿರು ಅರಣ್ಯ ಉತ್ಪನ್ನ. ಕಿರು ಅರಣ್ಯ ಉತ್ಪನ್ನ ಅಂದರೆ ಮರಮುಟ್ಟು ಬಿಟ್ಟು ಕಾಡಿನಿಂದ ಬರುವ ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಪಾಚಿ, ಗೆಡ್ಡೆ ಇತ್ಯಾದಿ. ಬಿದಿರೂ ಇದರಲ್ಲೇ ಸೇರಿದೆ. ನಮೂನೆ ಸಿ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕಿಗೆ.

ಬಿ ಹಾಕಿ ಸಿ ಬಿಡುವುದು ತುಂಬಾ ಸಾಮಾನ್ಯವಾದ ತಪ್ಪು. ಬಿ ಮಾತ್ರ ಇದ್ದರೆ ನೀವು ಬಳಸಬಹುದು, ಆದರೆ ಆ ಕಾಡಲ್ಲಿ ಏನು ನೆಡಬೇಕು, ಬೆಂಕಿರೇಖೆ (ಬೆಂಕಿ ಹರಡದಂತೆ ಸವರಿದ ಪಟ್ಟಿ) ಎಲ್ಲಿ, ಕಾಡಿಗೆ ಹೋಗುವುದನ್ನು ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಮತ್ತೊಬ್ಬರು ತೀರ್ಮಾನಿಸುತ್ತಾರೆ. ಎರಡೂ ಹಾಕಿ. ಸಿ ನಮೂನೆ ಉದ್ದವೇನಿಲ್ಲ: ಊರು, ಪಂಚಾಯಿತಿ, ತಾಲ್ಲೂಕು, ಜಿಲ್ಲೆ, ಸದಸ್ಯರ ಪಟ್ಟಿ, ನಕ್ಷೆ, ಅಕ್ಕಪಕ್ಕದ ಊರುಗಳು, ಸಾಕ್ಷಿಗಳ ಪಟ್ಟಿ. ನೀವು 5ನೇ ಹಂತದಲ್ಲಿ ಬರೆದ ರೂಢಿಯ ಹಾಳೆಯನ್ನು ಇದಕ್ಕೆ ಲಗತ್ತಿಸಿ.

8. ಸ್ಥಳ ಪರಿಶೀಲನೆ, ಠರಾವು

ಹಕ್ಕು ಸಮಿತಿ ಅರಣ್ಯ ಮತ್ತು ಕಂದಾಯ ಇಲಾಖೆಗೆ ಮೊದಲೇ ಬರಹದಲ್ಲಿ ತಿಳಿಸಿ ಸ್ಥಳ ಪರಿಶೀಲನೆ ಮಾಡಬೇಕು. ಅವರು ಬಂದು ಸಹಿ ಹಾಕಬೇಕು, ಆಕ್ಷೇಪ ಇದ್ದರೆ ಅಲ್ಲೇ ಬರೆಯಬೇಕು. ಬರಲಿಲ್ಲ ಅಂದರೆ? ಬರಲಿಲ್ಲ ಅಂತ ನಡಾವಳಿಯಲ್ಲಿ ಬರೆದು ಮುಂದೆ ಹೋಗಿ. ಆಮೇಲೆ ಅವರು "ನಾವು ಇರಲಿಲ್ಲ" ಅಂತ ತಕರಾರು ತೆಗೆದರೆ ಅರ್ಜಿ ಮರುಪರಿಶೀಲನೆಗೆ ವಾಪಸ್ ಬರುತ್ತದೆ. ಎರಡನೇ ಸಲವೂ ಬರದಿದ್ದರೆ ಗ್ರಾಮಸಭೆಯ ತೀರ್ಮಾನವೇ ಕೊನೆ. ಕಳಿಸಿದ ಪತ್ರದ ಸ್ವೀಕೃತಿ ಜೋಪಾನ.

ಆಮೇಲೆ ಗ್ರಾಮಸಭೆ ಸೇರಿ ಠರಾವು ಮಾಡಿ, ಕಡತವನ್ನು ಉಪವಿಭಾಗ ಸಮಿತಿಗೆ ಕಳಿಸಿ. ಅದರ ಅಧ್ಯಕ್ಷರು ಉಪವಿಭಾಗಾಧಿಕಾರಿ. ಅಲ್ಲಿಂದ ಜಿಲ್ಲಾಧಿಕಾರಿಗಳ ಜಿಲ್ಲಾ ಸಮಿತಿಗೆ.

ಅರ್ಜಿ ತಿರಸ್ಕಾರ ಆಯಿತು ಅಂತ ಬಾಯಲ್ಲಿ ಹೇಳಿದರೆ ನಂಬಬೇಡಿ. ಪಂಚಾಯಿತಿಯಾಗಲಿ, ಒಬ್ಬ ಅಧಿಕಾರಿಯಾಗಲಿ ತಿರಸ್ಕರಿಸುವಂತಿಲ್ಲ. ಮೇಲಿನ ಸಮಿತಿಗಳೂ ಕಾರಣವನ್ನು ವಿವರವಾಗಿ ಬರೆದು ತಿಳಿಸಬೇಕು. ಸಹಿ ಇಲ್ಲ, ಪುಟ ಇಲ್ಲ ಅನ್ನುವಂಥ ಸಣ್ಣಪುಟ್ಟ ಕಾರಣಕ್ಕೆ ತಳ್ಳದೆ ಗ್ರಾಮಸಭೆಗೆ ವಾಪಸ್ ಕಳಿಸಬೇಕು. ಗ್ರಾಮಸಭೆ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಉಪವಿಭಾಗದ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಜಿಲ್ಲಾ ಸಮಿತಿ ಕೊನೆ, ಆಮೇಲೆ ಉಳಿಯುವುದು ಹೈಕೋರ್ಟ್. ಈ ಪ್ರಕ್ರಿಯೆ ಮುಗಿಯುವವರೆಗೆ ಅರಣ್ಯವಾಸಿಗಳನ್ನು ಅವರ ಸ್ವಾಧೀನದ ಜಾಗದಿಂದ ಒಕ್ಕಲೆಬ್ಬಿಸುವಂತಿಲ್ಲ ಅಂತ 4ನೇ ಕಲಮಿನಲ್ಲಿದೆ.

9. ಹಕ್ಕುಪತ್ರ ಬಂದ ಮೇಲೆ

ಮೊದಲು ಪತ್ರವನ್ನು ಓದಿ. ಕೇಳಿದ್ದು ಕಾಯುವ ಹಕ್ಕು, ಬಂದಿದ್ದು ಸೌದೆ ಹಕ್ಕು ಅನ್ನುವ ಹಾಗೆ ಆಗಿರಬಹುದು. "ಇಲಾಖೆಯ ಅನುಮತಿಗೆ ಒಳಪಟ್ಟು" ಅಂತ ಕಾಯ್ದೆಯಲ್ಲಿಲ್ಲದ ಷರತ್ತು ಸೇರಿಸಿದ್ದರೆ ಕೂಡಲೇ ಬರೆದು ತಿದ್ದಿಸಿ. ನಕ್ಷೆಯಲ್ಲಿನ ಗೆರೆ ನೀವು ನಡೆದ ಗೆರೆಯೇನಾ ನೋಡಿ. ಕಂದಾಯ ದಾಖಲೆಯಲ್ಲೂ ಹಕ್ಕು ನಮೂದಾಗಬೇಕು.

ನೆಲ ಮಾರುವಂತಿಲ್ಲ, ಯಾರಿಗೂ ಬರೆದುಕೊಡುವಂತಿಲ್ಲ. ಆದರೆ ಕಿರು ಅರಣ್ಯ ಉತ್ಪನ್ನದ ಮಟ್ಟಿಗೆ ಕಾಯ್ದೆ ಬಳಸಿದ ಪದ ಒಡೆತನವೇ. ಮಾರುವುದು ನಿಮಗೆ ಬಿಟ್ಟದ್ದು, ರಾಯಧನ ಕಟ್ಟಬೇಕಾಗಿಲ್ಲ. ಸಾಗಾಟದ ಪರವಾನಗಿ ಕೊಡುವುದು ಗ್ರಾಮಸಭೆಯ ಸಮಿತಿ. ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಊರಿಗೆ 2009ರಲ್ಲಿ ಹಕ್ಕು ಬಂತು, 2011ರಲ್ಲಿ ಬಿದಿರು ಸಾಗಿಸುವ ಪರವಾನಗಿ ಪುಸ್ತಕ ಅವರ ಕೈಗೇ ಬಂತು. ನಡುವಿನ ಎರಡು ವರ್ಷ ಅದಕ್ಕಾಗಿಯೇ ಗುದ್ದಾಡಿದರು.

ಗ್ರಾಮಸಭೆ ಕಾಡಿನ ನಿರ್ವಹಣೆಗೆ ಬೇರೆಯೇ ಸಮಿತಿ ಮಾಡಬೇಕು, ಯೋಜನೆ ಬರೆಯಬೇಕು. ದೊಡ್ಡ ಪುಸ್ತಕ ಬೇಡ, ಐದು ಪುಟ ಸಾಕು. ಲಂಟಾನ ಎಲ್ಲಿ ಕಿತ್ತುಹಾಕುವುದು, ಯಾವ ತುಂಡಿಗೆ ಎರಡು ವರ್ಷ ದನ ಬಿಡಬಾರದು, ಬೇಸಿಗೆಯಲ್ಲಿ ಬೆಂಕಿ ಕಾವಲಿಗೆ ಯಾರ ಪಾಳಿ. ರೂಢಿಯ ಹಾಳೆಯಲ್ಲಿ ಇದರ ಅರ್ಧ ಆಗಲೇ ಇದೆ. ತಪ್ಪುಕಾಣಿಕೆ ಎಷ್ಟು ಅನ್ನುವುದನ್ನು ಮಾತ್ರ ಈಗಿನ ಲೆಕ್ಕಕ್ಕೆ ಏರಿಸಿ. ಕೆಲವು ಊರುಗಳಲ್ಲಿ ಅದು ಇನ್ನೂ ನಾಲ್ಕಾಣೆಯಲ್ಲೇ ನಿಂತಿದೆ.